ಲೂಥರ್ ಮಾರ್ಟಿನ್: ಮೇರಿಲ್ಯಾಂಡಿನ ಅಟಾರ್ನಿ ಜನರಲ್ ಅವಕಾಶವಾದಿಯೇ?

ಪ್ರಶ್ನೆ: ನಾನು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕೇಂದ್ರ–ರಾಜ್ಯ ಸಂಬಂಧದ ಪಾಠದಲ್ಲಿ, ಕಾಂಗ್ರೆಸ್ ಸ್ಥಾಪಿಸಿದ ಬ್ಯಾಂಕಿನ ಮೇಲೆ ರಾಜ್ಯ ತೆರಿಗೆ ಹಾಕಬಹುದೇ ಎಂಬ ಅಮೆರಿಕದ 1819ರ ‘ಮೆಕ್ಕಲಕ್ ವಿರುದ್ಧ ಮೇರಿಲ್ಯಾಂಡ್’ ಪ್ರಕರಣ ಬಂತು. ಅದರಲ್ಲಿ ರಾಜ್ಯದ ಪರ ವಾದಿಸಿದ ಅಟಾರ್ನಿ ಜನರಲ್ ಲೂಥರ್ ಮಾರ್ಟಿನ್ ಬಗ್ಗೆ ಹುಡುಕಿದಾಗ ಗೊಂದಲವಾಯಿತು. ಸಂವಿಧಾನ ಬರೆಯುವ ಸಭೆಯಲ್ಲಿದ್ದೂ ಸಹಿ ಹಾಕಲಿಲ್ಲ. ಆಮೇಲೆ ಅದೇ ಸಂವಿಧಾನವನ್ನು ತಂದ ಫೆಡರಲಿಸ್ಟರ ಜೊತೆ ಸೇರಿದ. ದೇಶದ್ರೋಹದ ಆರೋಪಿಯ ಪರ ವಾದಿಸಿದ. ಕೊನೆಗೆ ಮತ್ತೆ ರಾಜ್ಯದ ಪರ. ಕುಡಿದು ಹಾಳಾದ ಎಂದೂ ಓದಿದೆ. ಈತ ಅವಕಾಶವಾದಿಯೇ? ಸರಕಾರಿ ವಕೀಲನಾಗಿದ್ದು ಖಾಸಗಿ ಕೇಸುಗಳನ್ನು ಹೇಗೆ ನಡೆಸುತ್ತಿದ್ದ?

ಉತ್ತರ: ಅವಕಾಶವಾದಿ ಅಲ್ಲ. ಅವಕಾಶ ನೋಡಿ ಪಕ್ಷ ಬದಲಿಸುವವನು ಗೆಲ್ಲುವವರ ಕಡೆಗೆ ಹೋಗುತ್ತಾನೆ. ಮಾರ್ಟಿನ್ ಹೋದದ್ದೆಲ್ಲ ಎದುರು ದಿಕ್ಕಿಗೆ. 1787ರಲ್ಲಿ ವಾಷಿಂಗ್ಟನ್, ಮ್ಯಾಡಿಸನ್, ಫ್ರಾಂಕ್ಲಿನ್ ಒಂದು ಕಡೆ ಇದ್ದಾಗ ಈತ ಇನ್ನೊಂದು ಕಡೆ ಇದ್ದ. 1804ರ ಚುನಾವಣೆಯಲ್ಲಿ ಅಧ್ಯಕ್ಷ ಜೆಫರ್ಸನ್ 162–14 ಎಲೆಕ್ಟೋರಲ್ ಮತಗಳಿಂದ ಗೆದ್ದು ಅಧಿಕಾರದ ತುತ್ತತುದಿಯಲ್ಲಿದ್ದಾಗ, ಜೆಫರ್ಸನ್ ಪಕ್ಷ ಯಾರನ್ನು ಕೆಡವಲು ಹೊರಟಿತ್ತೋ ಅವರ ಪರ ನಿಂತ. 1819ರಲ್ಲಿ ಸುಪ್ರೀಂ ಕೋರ್ಟಿನ ಒಲವು ಯಾವ ಕಡೆಗಿದೆ ಎಂಬುದು ಊರಿಗೆಲ್ಲ ಗೊತ್ತಿದ್ದಾಗ ಅದರ ವಿರುದ್ಧ ದಿಕ್ಕಿನ ವಾದ ಹಿಡಿದ. ಹಾಗೆಂದು ಆತನನ್ನು ಆದರ್ಶಪುರುಷನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ವೈಯಕ್ತಿಕ ಹಗೆ ಇತ್ತು, ಕುಡಿತ ಇತ್ತು, ಮಾತಿನಲ್ಲಿ ಹಿಡಿತ ಇರಲಿಲ್ಲ. ಆದರೂ ಅಮೆರಿಕದ ಆರಂಭದ ಕಾಲದ ರಾಜ್ಯ ಅಟಾರ್ನಿ ಜನರಲ್‌ಗಳಲ್ಲಿ ಒಬ್ಬನನ್ನೇ ಆರಿಸಿ ಓದಬೇಕೆಂದರೆ ನಾನು ಈತನನ್ನೇ ಓದಿ ಎನ್ನುತ್ತೇನೆ. ನಿಮ್ಮ ಪಾಠದಲ್ಲಿ ಬಂದಿರುವ ಪ್ರಕರಣ ಈತನನ್ನು ಯಾವ ಅಸ್ತ್ರದಿಂದ ಸೋಲಿಸಿತೋ, ಆ ಅಸ್ತ್ರದ ಮೊದಲ ಕರಡನ್ನು ಸಭೆಯಲ್ಲಿ ಮಂಡಿಸಿದವನು ಈತನೇ. ಆ ಕಥೆ ಸ್ವಲ್ಪ ಮುಂದೆ ಬರುತ್ತದೆ.

ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹುದ್ದೆಯ ಸ್ವರೂಪ ಗೊತ್ತಾಗದೆ ಮನುಷ್ಯ ಅರ್ಥವಾಗುವುದಿಲ್ಲ. ನಮ್ಮಲ್ಲಿ ಸಂವಿಧಾನದ 165ನೇ ವಿಧಿಯಂತೆ ರಾಜ್ಯಕ್ಕೊಬ್ಬ ಅಡ್ವೊಕೇಟ್ ಜನರಲ್ ಇರುತ್ತಾರೆ. ಅಮೆರಿಕದಲ್ಲಿ ಹೆಚ್ಚುಕಡಿಮೆ ಆ ಸ್ಥಾನದಲ್ಲಿರುವವರು ರಾಜ್ಯದ ಅಟಾರ್ನಿ ಜನರಲ್. ಇಂದು ಅಲ್ಲಿ 43 ರಾಜ್ಯಗಳಲ್ಲಿ ಆ ಹುದ್ದೆಗೆ ನೇರ ಚುನಾವಣೆ ನಡೆಯುತ್ತದೆ, ಕೈಕೆಳಗೆ ನೂರಾರು ವಕೀಲರಿರುತ್ತಾರೆ, ದೊಡ್ಡ ದೊಡ್ಡ ಕಂಪನಿಗಳ ಮೇಲೆ ದಾವೆ ಹೂಡುತ್ತಾರೆ. ಮಾರ್ಟಿನ್ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಗವರ್ನರ್ ನೇಮಿಸುತ್ತಿದ್ದ. ಅಟಾರ್ನಿ ಜನರಲ್ ಎಂದರೆ ಮುಖ್ಯವಾಗಿ ಕೌಂಟಿಯಿಂದ ಕೌಂಟಿಗೆ ಕೋರ್ಟುಗಳನ್ನು ಹಿಂಬಾಲಿಸಿ ಹೋಗಿ ಕಳ್ಳತನ, ಕೊಲೆ, ಖೋಟಾ ನೋಟಿನ ಕೇಸುಗಳನ್ನು ನಡೆಸುವ ಸರಕಾರಿ ವಕೀಲ. ಆದಾಯ ಬಹುಪಾಲು ಪ್ರಕರಣಕ್ಕಿಷ್ಟು ಎಂಬ ಫೀಸಿನಿಂದ ಬರುತ್ತಿತ್ತು. ಅದರಿಂದ ಸಂಸಾರ ಸಾಗದು ಎಂದು ಎಲ್ಲರಿಗೂ ಗೊತ್ತಿದ್ದರಿಂದ ಖಾಸಗಿ ವಕಾಲತ್ತಿಗೆ ಅಡ್ಡಿ ಇರಲಿಲ್ಲ. 1789ರಲ್ಲಿ ಇಡೀ ದೇಶಕ್ಕೆ ಅಟಾರ್ನಿ ಜನರಲ್ ಹುದ್ದೆ ಹುಟ್ಟಿದಾಗಲೂ ವರ್ಷಕ್ಕೆ 1,500 ಡಾಲರ್ ಸಂಬಳ ಇಟ್ಟರೇ ಹೊರತು ಕಚೇರಿಯನ್ನೂ ಕೊಡಲಿಲ್ಲ, ಗುಮಾಸ್ತನನ್ನೂ ಕೊಡಲಿಲ್ಲ. ಹಾಗಾಗಿ ಬೆಳಿಗ್ಗೆ ರಾಜ್ಯದ ಪರ ಕಳ್ಳನನ್ನು ಜೈಲಿಗೆ ಕಳಿಸಿ ಮಧ್ಯಾಹ್ನ ಅದೇ ಕೋರ್ಟಿನಲ್ಲಿ ಖಾಸಗಿ ಕಕ್ಷಿದಾರನ ಪರ ಎದ್ದು ನಿಲ್ಲುವುದು ಆ ಕಾಲಕ್ಕೆ ಸಹಜವೇ. ಹುದ್ದೆ ವಕೀಲನಿಗೆ ಗೌರವ, ಪರಿಚಯ, ಕಕ್ಷಿದಾರರನ್ನು ತಂದುಕೊಡುತ್ತಿತ್ತು. ಮಾರ್ಟಿನ್ ಮೇರಿಲ್ಯಾಂಡಿನ ಅತ್ಯಂತ ಬೇಡಿಕೆಯ ವಕೀಲನಾದದ್ದು ಹೀಗೆ.

ಹುಟ್ಟಿದ್ದು 1748ರಲ್ಲಿ, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಬಳಿಯ ರೈತ ಕುಟುಂಬದಲ್ಲಿ. ಈಗ ಪ್ರಿನ್ಸ್‌ಟನ್ ಎಂದು ಕರೆಯುವ ಕಾಲೇಜಿನಲ್ಲಿ 1766ರಲ್ಲಿ ಪದವಿ. ಕೈಯಲ್ಲಿ ಕಾಸಿಲ್ಲದೆ ಮೇರಿಲ್ಯಾಂಡಿನ ಕ್ವೀನ್ಸ್‌ಟೌನಿಗೆ ಬಂದು ಶಾಲಾ ಮಾಸ್ತರನಾದ, ಪಾಠ ಹೇಳುತ್ತಲೇ ಕಾನೂನು ಓದಿದ, 1771ರಲ್ಲಿ ವರ್ಜೀನಿಯಾದಲ್ಲಿ ವಕೀಲಿ ಸನ್ನದು ಪಡೆದ. ಸಾಲ ಆಗಲೇ ಬೆನ್ನಿಗೆ ಬಿದ್ದಿತ್ತು, ಸಾಯುವವರೆಗೂ ಬಿಡಲಿಲ್ಲ. ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1778ರಲ್ಲಿ, ಮೇರಿಲ್ಯಾಂಡಿನ ಪ್ರಭಾವಿ ನಾಯಕ ಸ್ಯಾಮ್ಯುಯೆಲ್ ಚೇಸ್ ಶಿಫಾರಸಿನ ಮೇಲೆ ಗವರ್ನರ್ ಥಾಮಸ್ ಜಾನ್ಸನ್ ಈತನನ್ನು ರಾಜ್ಯದ ಅಟಾರ್ನಿ ಜನರಲ್ ಮಾಡಿದ. ಚೇಸ್ ಎಂಬ ಹೆಸರನ್ನು ನೆನಪಿನಲ್ಲಿಡಿ. ಬ್ರಿಟಿಷ್ ರಾಜನಿಗೆ ನಿಷ್ಠರಾಗಿದ್ದವರ ಮೇಲೆ ಕೇಸು ನಡೆಸುವುದು, ಅವರ ಆಸ್ತಿ ಮುಟ್ಟುಗೋಲಿನ ಪ್ರಕರಣಗಳು, ಇವೇ ಆಗಿನ ಮುಖ್ಯ ಕೆಲಸ. ಮಾರ್ಟಿನ್ ಅದನ್ನು ಬಿಗಿಯಾಗಿಯೇ ಮಾಡಿದ. 1805ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಡುವವರೆಗೆ 27 ವರ್ಷಕ್ಕೂ ಹೆಚ್ಚು ಕಾಲ ಆ ಹುದ್ದೆಯಲ್ಲಿದ್ದ.

ಈಗ 1787ರ ಫಿಲಡೆಲ್ಫಿಯಾ. ಹದಿಮೂರು ರಾಜ್ಯಗಳ ಸಡಿಲ ಒಕ್ಕೂಟದ ಒಪ್ಪಂದವನ್ನು ತಿದ್ದಲು ಕರೆದ ಸಭೆ ಅದು. ಮೇ 25ಕ್ಕೆ ಕಲಾಪ ಶುರುವಾಯಿತು, ಮಾರ್ಟಿನ್ ತಲುಪಿದ್ದು ಜೂನ್ 9ಕ್ಕೆ. ಅಷ್ಟರಲ್ಲಿ ವರ್ಜೀನಿಯಾದವರು ತಿದ್ದುಪಡಿಯನ್ನು ಪಕ್ಕಕ್ಕಿಟ್ಟು ಹೊಸ ರಾಷ್ಟ್ರೀಯ ಸರಕಾರದ ನಕ್ಷೆಯನ್ನೇ ಮೇಜಿನ ಮೇಲಿಟ್ಟಿದ್ದರು. ಎರಡು ಸದನಗಳಲ್ಲೂ ಜನಸಂಖ್ಯೆಗೆ ಅಥವಾ ಸಂಪತ್ತಿಗೆ ತಕ್ಕ ಪ್ರಾತಿನಿಧ್ಯ ಎಂಬುದು ಅದರ ಜೀವಾಳ. ಬಾಗಿಲು ಮುಚ್ಚಿ, ಹೊರಗೆ ಯಾರಿಗೂ ಹೇಳಬಾರದೆಂಬ ನಿಯಮ ಮಾಡಿಕೊಂಡು ಚರ್ಚೆ ನಡೆದಿತ್ತು.

ಈ ಸಭೆಯ ಬಗ್ಗೆ ಒಂದು ಸಂಗತಿಗೆ ಸಾಕಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಸಣ್ಣ ರಾಜ್ಯಗಳ ಪರ ಗಟ್ಟಿಯಾಗಿ ನಿಂತವರನ್ನು ನೋಡಿ: ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್, ಆ ರಾಜ್ಯದ ಮೊದಲ ಅಟಾರ್ನಿ ಜನರಲ್. ಡೆಲವೇರಿನ ಗನಿಂಗ್ ಬೆಡ್‌ಫರ್ಡ್, ಆಗ ಅಲ್ಲಿನ ಅಟಾರ್ನಿ ಜನರಲ್. ಮೂರನೆಯವನು ಮಾರ್ಟಿನ್. ಎದುರು ಪಾಳೆಯದಲ್ಲಿ ವರ್ಜೀನಿಯಾ ಯೋಜನೆಯನ್ನು ಮಂಡಿಸಿದ ಎಡ್ಮಂಡ್ ರ‍್ಯಾಂಡಾಲ್ಫ್ ಕೂಡ ಆ ರಾಜ್ಯದ ಮೊದಲ ಅಟಾರ್ನಿ ಜನರಲ್ ಆಗಿದ್ದವನೇ, ಆದ್ದರಿಂದ ಹುದ್ದೆಯೇ ನಿಲುವನ್ನು ತೀರ್ಮಾನಿಸಿತು ಎನ್ನಲಾಗದು. ಆದರೂ ವರ್ಷಗಟ್ಟಲೆ ‘ರಾಜ್ಯ ವಿರುದ್ಧ ಇಂಥವನು’ ಎಂದು ರಾಜ್ಯದ ಹೆಸರಿನಲ್ಲೇ ಎದ್ದು ನಿಂತವನಿಗೆ ರಾಜ್ಯ ಎನ್ನುವುದು ಬರೀ ಭೂಪಟದ ಗೆರೆಯಾಗಿ ಉಳಿಯುವುದಿಲ್ಲ. ಅದು ಆತನ ಕಕ್ಷಿದಾರ. ಮಾರ್ಟಿನ್ ವಾದವೂ ಹಾಗೇ ಇತ್ತು: ಬ್ರಿಟನ್ನಿನಿಂದ ಬಿಡುಗಡೆಯಾದ ಮೇಲೆ ಪ್ರತಿ ರಾಜ್ಯವೂ ಸಾರ್ವಭೌಮ, ಸಾರ್ವಭೌಮರ ನಡುವಿನ ಒಪ್ಪಂದದಲ್ಲಿ ದೊಡ್ಡವನಿಗೊಂದು, ಚಿಕ್ಕವನಿಗೊಂದು ಎಂಬ ತೂಕವಿಲ್ಲ, ಒಂದು ರಾಜ್ಯಕ್ಕೆ ಒಂದು ಮತ.

ಜೂನ್ 27ರಂದು ಮೂರು ತಾಸಿಗೂ ಮಿಕ್ಕಿ ಮಾತಾಡಿ, ಸುಸ್ತಾಗಿ ಕುಳಿತು, ಮರುದಿನ ಮತ್ತೆ ಮುಂದುವರಿಸಿದ. ಮಾತು ಎತ್ತೆತ್ತಲೋ ಹರಿಯಿತು, ಆವೇಶ ಹೆಚ್ಚಿತ್ತು ಎಂಬ ಅರ್ಥದಲ್ಲಿ, ಸಭೆಯ ಚರ್ಚೆಯನ್ನು ಬರೆದುಕೊಳ್ಳುತ್ತಿದ್ದ ವರ್ಜೀನಿಯಾದ ಮ್ಯಾಡಿಸನ್ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟ. ಮಾರ್ಟಿನ್‌ನ ಕಾಲೇಜಿನ ಸಹಪಾಠಿ ಆಲಿವರ್ ಎಲ್ಸ್‌ವರ್ತ್ ಕೂಡ ಆಮೇಲೆ ಪತ್ರಿಕೆಯಲ್ಲಿ ಆ ಭಾಷಣವನ್ನು ಹೀಯಾಳಿಸಿದ. ಇತಿಹಾಸದ ಪುಸ್ತಕಗಳಲ್ಲಿ ಮಾರ್ಟಿನ್ ಎಂದರೆ ಆ ಬೇಸರದ ಭಾಷಣ, ಅಷ್ಟೇ. ಆದರೆ ನಾಲ್ಕೇ ದಿನದ ನಂತರ ನಡೆದದ್ದನ್ನು ನೋಡಿ. ಜುಲೈ 2ರಂದು ಮೇಲ್ಮನೆಯಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಮತ ಎಂಬ ಸೂಚನೆ ಮತಕ್ಕೆ ಬಂತು. ಮೇರಿಲ್ಯಾಂಡಿನ ಇನ್ನೊಬ್ಬ ಪ್ರತಿನಿಧಿ ಡೇನಿಯಲ್ ಜೆನಿಫರ್ ಸಾಮಾನ್ಯವಾಗಿ ಮಾರ್ಟಿನ್‌ಗೆ ವಿರುದ್ಧ ಮತ ಹಾಕಿ ರಾಜ್ಯದ ಮತವನ್ನು ನಿಷ್ಫಲಗೊಳಿಸುತ್ತಿದ್ದ. ಅಂದು ಬೆಳಿಗ್ಗೆ ಆತ ಸಭೆಯಲ್ಲಿರಲಿಲ್ಲ. ಮಾರ್ಟಿನ್ ಒಬ್ಬನೇ ಮೇರಿಲ್ಯಾಂಡಿನ ಮತ ಚಲಾಯಿಸಿದ. ಜಾರ್ಜಿಯಾದ ಪ್ರತಿನಿಧಿಗಳು ಇಬ್ಭಾಗವಾದರು. ಫಲಿತಾಂಶ 5–5. ಸೋತೇ ಹೋಗಬೇಕಿದ್ದ ಸಮಾನತೆಯ ಸೂಚನೆ ಉಳಿದುಕೊಂಡಿತು, ರಾಜ್ಯಕ್ಕೊಬ್ಬರಂತೆ ಸಮಿತಿ ರಚನೆಯಾಯಿತು, ಆ ಸಮಿತಿಯಲ್ಲಿ ಮಾರ್ಟಿನ್ ಕೂತ, ಜುಲೈ 16ಕ್ಕೆ ಸಂಧಾನ ಒಂದೇ ರಾಜ್ಯದ ಅಂತರದಲ್ಲಿ ಪಾಸಾಯಿತು. ಇವತ್ತಿಗೂ ಅಮೆರಿಕದ ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೆ ಎರಡೇ ಸ್ಥಾನ. ಅದು ನ್ಯಾಯವೇ ಎಂಬುದು ಬೇರೆ ಚರ್ಚೆ. ಜನಸಂಖ್ಯೆಯ ಅಗಾಧ ಅಂತರ ನೋಡಿದರೆ ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಆದರೆ ಅದರ ಹಿಂದೆ ಈತನ ಒಂಟಿ ಮತವೂ ಇದೆ.

ಮರುದಿನ, ಜುಲೈ 17. ನಿಮ್ಮ ಪಾಠಕ್ಕೆ ನೇರವಾಗಿ ಸಂಬಂಧಿಸಿದ ದಿನ ಇದು. ರಾಜ್ಯಗಳ ಶಾಸನಗಳನ್ನು ರದ್ದುಗೊಳಿಸುವ ಅಧಿಕಾರ ರಾಷ್ಟ್ರೀಯ ಶಾಸಕಾಂಗಕ್ಕೇ ಇರಬೇಕು ಎಂಬುದು ಮ್ಯಾಡಿಸನ್‌ನ ಬಹುದಿನದ ಹಂಬಲ. ಸಭೆ ಅದನ್ನು ತಳ್ಳಿಹಾಕಿತು. ಹಾಗಾದರೆ ರಾಜ್ಯವೊಂದು ಒಕ್ಕೂಟದ ಕಾನೂನಿಗೆ ವಿರುದ್ಧವಾಗಿ ನಡೆದರೆ ಏನು ಮಾಡುವುದು? ಆ ಖಾಲಿ ಜಾಗಕ್ಕೆ ಮಾರ್ಟಿನ್ ಒಂದು ಠರಾವು ತಂದ. ಒಕ್ಕೂಟದ ಒಪ್ಪಂದಕ್ಕೆ ಅನುಗುಣವಾಗಿ ಮಾಡಿದ ಕಾನೂನುಗಳು ಮತ್ತು ವಿದೇಶಿ ಒಡಂಬಡಿಕೆಗಳು ಆಯಾ ರಾಜ್ಯಗಳ ಪರಮೋಚ್ಚ ಕಾನೂನಾಗಿರಬೇಕು. ರಾಜ್ಯದ ಬೇರೆ ಕಾನೂನು ಏನೇ ಹೇಳಲಿ, ರಾಜ್ಯದ ನ್ಯಾಯಾಲಯಗಳು ಇವಕ್ಕೆ ಬದ್ಧ. ಎದುರು ಮಾತಿಲ್ಲದೆ ಎಲ್ಲರೂ ಒಪ್ಪಿದರು. ಇಂದಿನ ಅಮೆರಿಕ ಸಂವಿಧಾನದ 6ನೇ ವಿಧಿಯ ಪರಮೋಚ್ಚತೆಯ ಷರತ್ತಿನ ಬೀಜ ಇದೇ.

ರಾಜ್ಯಗಳ ಕಟ್ಟಾ ವಕೀಲ ಇಂಥ ಠರಾವು ಏಕೆ ತಂದ? ಮಾತುಗಳನ್ನು ಎಚ್ಚರದಿಂದ ಓದಿದರೆ ಕಾಣುತ್ತದೆ. ಮೊದಲನೆಯದಾಗಿ ಇದು ಮ್ಯಾಡಿಸನ್‌ನ ರದ್ದತಿ ಅಧಿಕಾರಕ್ಕೆ ಪರ್ಯಾಯ: ರಾಜ್ಯದ ಕಾನೂನನ್ನು ದೂರದ ಶಾಸಕಾಂಗ ಹೊಸಕಿಹಾಕುವ ಬದಲು ರಾಜ್ಯದ ನ್ಯಾಯಾಧೀಶನೇ, ಒಂದು ನಿರ್ದಿಷ್ಟ ಕೇಸಿನಲ್ಲಿ, ಎರಡು ಕಾನೂನನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸಲಿ. ಎರಡನೆಯದಾಗಿ ಆತನ ಕರಡಿನಲ್ಲಿ ಒಕ್ಕೂಟದ ಕಾನೂನು ರಾಜ್ಯದ ಸಾಮಾನ್ಯ ಕಾನೂನಿಗಿಂತ ಮೇಲೇ ಹೊರತು, ರಾಜ್ಯದ ಸಂವಿಧಾನಕ್ಕಿಂತ ಮೇಲು ಎಂದು ಎಲ್ಲೂ ಇರಲಿಲ್ಲ. ಮೂರನೆಯದಾಗಿ ಕೆಳಹಂತದ ಫೆಡರಲ್ ಕೋರ್ಟುಗಳು ಇರುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಈ ಮೂರರಲ್ಲಿ ಕೊನೆಯ ಎರಡು ಹಾಗೇ ಉಳಿಯಲಿಲ್ಲ. ಮರುದಿನವೇ ಕೆಳಹಂತದ ಫೆಡರಲ್ ಕೋರ್ಟುಗಳಿಗೆ ಸಭೆ ದಾರಿ ತೆರೆಯಿತು. ಮಾರ್ಟಿನ್ ವಿರೋಧಿಸಿದ, ಪ್ರಯೋಜನವಾಗಲಿಲ್ಲ. ಕರಡು ಸಮಿತಿ ‘ರಾಜ್ಯಗಳ ಸಂವಿಧಾನಗಳು’ ಎಂಬುದನ್ನೂ ಸೇರಿಸಿ ಅವನ್ನೂ ಕೆಳಗಿಳಿಸಿತು. ಆಗಸ್ಟ್ 23ರಂದು ಜಾನ್ ರಟ್ಲೆಜ್ ತಂದ ತಿದ್ದುಪಡಿಯಿಂದ ಈ ಸಂವಿಧಾನವೇ ಪರಮೋಚ್ಚ ಎಂಬ ಮಾತು ಬಂತು. ತನ್ನ ಠರಾವನ್ನು ಗುರುತು ಸಿಗದಂತೆ ಮಾಡಿದರೆಂದು ಮಾರ್ಟಿನ್ 1788ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ದೂರಿದ.

ಗುಲಾಮಗಿರಿಯ ವಿಷಯವನ್ನು ಬಿಟ್ಟು ಮುಂದೆ ಹೋಗಲಾಗದು. ಆಗಸ್ಟ್ 21ರಂದು, ಗುಲಾಮರ ಆಮದನ್ನು ನಿಷೇಧಿಸುವ ಅಥವಾ ಅದರ ಮೇಲೆ ತೆರಿಗೆ ಹಾಕುವ ಅಧಿಕಾರ ಒಕ್ಕೂಟಕ್ಕೆ ಇರಲೇಬೇಕು ಎಂದು ಎದ್ದು ನಿಂತವನು ಮಾರ್ಟಿನ್. ಆತನ ತರ್ಕ ವಕೀಲನದು: ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿದರೆ, ಹೆಚ್ಚು ಗುಲಾಮರನ್ನು ತಂದ ರಾಜ್ಯಕ್ಕೆ ಹೆಚ್ಚು ಅಧಿಕಾರ ಸಿಗುತ್ತದೆ, ಆಮದಿಗೆ ಸಂವಿಧಾನವೇ ಬಹುಮಾನ ಕೊಟ್ಟಂತಾಗುತ್ತದೆ. ನಂತರ ನೈತಿಕ ಮಾತು: ಕ್ರಾಂತಿಯ ತತ್ವಗಳಿಗೆ ಇದು ಹೊಂದದು, ಅಮೆರಿಕದ ನಡತೆಗೆ ಅವಮಾನ. ದಕ್ಷಿಣದವರು ಒಪ್ಪಲಿಲ್ಲ, 1808ರವರೆಗೆ ಆಮದನ್ನು ನಿಷೇಧಿಸುವಂತಿಲ್ಲ ಎಂಬ ಷರತ್ತು ಸಂವಿಧಾನ ಸೇರಿತು. ಈ ಮಾತಾಡಿದ ಮಾರ್ಟಿನ್ ಮನೆಯಲ್ಲೂ ಗುಲಾಮರಿದ್ದರು. ಆತನ ಭಾಷಣ ಎಷ್ಟು ಸರಿಯೋ ಮನೆಯ ನಡೆ ಅಷ್ಟೇ ತಪ್ಪು. ಭಾಷಣವನ್ನು ಉಲ್ಲೇಖಿಸುವವರು ಎರಡನ್ನೂ ಹೇಳಬೇಕು.

ಸೆಪ್ಟೆಂಬರ್ 4ರಂದು ಆತ ಸಭೆ ಬಿಟ್ಟು ಹೊರಟ. ಸೆಪ್ಟೆಂಬರ್ 17ರಂದು 39 ಜನ ಸಹಿ ಹಾಕಿದಾಗ ಮೇರಿಲ್ಯಾಂಡಿನಿಂದ ಮೂವರಷ್ಟೇ ಇದ್ದರು. ನವೆಂಬರಿನಲ್ಲಿ ರಾಜ್ಯದ ಶಾಸಕಾಂಗ ವರದಿ ಕೇಳಿತು. ಮುಚ್ಚಿದ ಬಾಗಿಲ ಹಿಂದೆ ನಡೆದದ್ದನ್ನು ಮಾರ್ಟಿನ್ ಬಿಚ್ಚಿ ಹೇಳಿದ, ಅದು ಬಾಲ್ಟಿಮೋರಿನ ಪತ್ರಿಕೆಯಲ್ಲಿ 12 ಕಂತುಗಳಲ್ಲಿ ಅಚ್ಚಾಯಿತು. ಮ್ಯಾಡಿಸನ್ ಟಿಪ್ಪಣಿಗಳು ಬೆಳಕಿಗೆ ಬರಲು ಇನ್ನೂ ಅರ್ಧ ಶತಮಾನ ಇತ್ತು. ಅಲ್ಲಿಯವರೆಗೆ ಸಭೆಯ ಒಳಗಿನ ಕಥೆ ಜನರಿಗೆ ಗೊತ್ತಾದದ್ದು ಬಹುಮಟ್ಟಿಗೆ ಈ ವರದಿಯಿಂದ. ಹಕ್ಕುಗಳ ಘೋಷಣೆ ಇಲ್ಲ, ಸಿವಿಲ್ ದಾವೆಗಳಲ್ಲಿ ಜೂರಿಯ ಖಾತ್ರಿ ಇಲ್ಲ, ಶಾಂತಿಕಾಲದಲ್ಲೂ ಸೈನ್ಯ ಇಡಬಹುದು, ಇವೆಲ್ಲ ಆತನ ಆಕ್ಷೇಪಗಳು. ಕಷ್ಟಕಾಲದಲ್ಲಿ ಸಾಲಗಾರರಿಗೆ ರಾಜ್ಯ ನೆರವಾಗಲು ಬಿಡದಂತೆ ಕೈ ಕಟ್ಟಿಹಾಕಿದ್ದಾರೆ ಎಂಬುದು ಇನ್ನೊಂದು. ಸಾಲದಲ್ಲೇ ಬದುಕಿದವನ ಮಾತು ಅದು. ಸರಕಾರಿ ಹುದ್ದೆಗೆ ಧಾರ್ಮಿಕ ಅರ್ಹತೆ ಇಡಲಿಲ್ಲವಲ್ಲ ಎಂಬ ಅಸಮಾಧಾನವೂ ಅದರಲ್ಲಿದೆ, ಅದನ್ನು ನಾನು ಒಪ್ಪಲಾರೆ. 1788ರ ಏಪ್ರಿಲಿನಲ್ಲಿ ಮೇರಿಲ್ಯಾಂಡ್ 63–11 ಮತಗಳಿಂದ ಸಂವಿಧಾನವನ್ನು ಅನುಮೋದಿಸಿತು. ಮಾರ್ಟಿನ್ ಸೋತ, ಅಟಾರ್ನಿ ಜನರಲ್ ಕೆಲಸಕ್ಕೆ ಮರಳಿದ. ಹಕ್ಕುಗಳ ಘೋಷಣೆ 1791ರಲ್ಲಿ ಹತ್ತು ತಿದ್ದುಪಡಿಗಳ ರೂಪದಲ್ಲಿ ಬಂತು. ಮಾರ್ಟಿನ್‌ನಂಥ ವಿರೋಧಿಗಳ ಒತ್ತಡ ಇರದಿದ್ದರೆ ಅದು ಅಷ್ಟು ಬೇಗ ಬರುತ್ತಿರಲಿಲ್ಲ.

ಮುಂದೆ ಫೆಡರಲಿಸ್ಟರ ಕಡೆ ಹೋದದ್ದು ಹೇಗೆ? ಇಲ್ಲಿ ಹಗೆಯ ಕಥೆ ಬರುತ್ತದೆ. 1783ರಲ್ಲಿ ಮಾರ್ಟಿನ್ ಮದುವೆಯಾದ ಮರಿಯಾ, ಗಡಿನಾಡಿನ ಕ್ಯಾಪ್ಟನ್ ಮೈಕೆಲ್ ಕ್ರೆಸಾಪ್‌ನ ಮಗಳು. ಕ್ರೆಸಾಪ್ 1775ರಲ್ಲೇ, ವಾಷಿಂಗ್ಟನ್ ಸೈನ್ಯ ಸೇರಲು ಬಂದೂಕುಧಾರಿಗಳ ತುಕಡಿಯನ್ನು ಕರೆದೊಯ್ದವನು, ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದ. ಜೆಫರ್ಸನ್ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ, 1774ರಲ್ಲಿ ಮಿಂಗೊ ಬುಡಕಟ್ಟಿನ ನಾಯಕ ಲೋಗನ್‌ನ ಬಂಧುಗಳನ್ನು ಕೊಂದವನು ಕ್ರೆಸಾಪ್ ಎಂದು ಬರೆದಿದ್ದ. ಲೋಗನ್‌ನ ಅಳಲಿನ ಭಾಷಣ ಜನಪ್ರಿಯವಾಗಿ ವೇದಿಕೆಗಳಲ್ಲಿ ವಾಚನವಾಗತೊಡಗಿತು, ಅದರ ಜೊತೆಗೆ ಕ್ರೆಸಾಪ್ ಹೆಸರೂ. ಹೆಂಡತಿ 1796ರಲ್ಲಿ ತೀರಿಕೊಂಡ ಮರುವರ್ಷದಿಂದ ಮಾರ್ಟಿನ್ ಪತ್ರಿಕೆಗಳಲ್ಲಿ ಜೆಫರ್ಸನ್‌ಗೆ ಬಹಿರಂಗ ಪತ್ರಗಳ ಸರಣಿಯನ್ನೇ ಹೂಡಿದ: ಸಾಕ್ಷಿ ಎಲ್ಲಿದೆ, ಸತ್ತವನ ಮೇಲೆ ಕೊಲೆಯ ಕಳಂಕ ಹೊರಿಸಲು ಯಾವ ಆಧಾರವಿದೆ ಎಂದು. ಜೆಫರ್ಸನ್ ಆತನಿಗೆ ನೇರ ಉತ್ತರ ಕೊಡಲಿಲ್ಲ. ಆದರೆ 1800ರಲ್ಲಿ ಹೇಳಿಕೆಗಳನ್ನು ಸಂಗ್ರಹಿಸಿ ಅನುಬಂಧ ಪ್ರಕಟಿಸಿ ತನ್ನ ಕಥನವನ್ನು ತಿದ್ದಿದ. ಆ ಹತ್ಯೆಯನ್ನು ನಡೆಸಿದ್ದು ಡೇನಿಯಲ್ ಗ್ರೇಟ್‌ಹೌಸ್‌ನ ಗುಂಪು ಎಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ. ಅಂದರೆ ಈ ಜಗಳದಲ್ಲಿ ಮೂಲ ಪ್ರಶ್ನೆಯಲ್ಲಿ ಮಾರ್ಟಿನ್ ಕಡೆಯೇ ಸರಿಯಿತ್ತು. ಆತನ ಬೈಗುಳದ ಭಾಷೆ ಮಾತ್ರ ಆ ಸತ್ಯಕ್ಕೆ ಉಪಕಾರ ಮಾಡಲಿಲ್ಲ. ಜೆಫರ್ಸನ್ ವಿರೋಧಿಗಳೆಲ್ಲ ಇದ್ದದ್ದು ಫೆಡರಲಿಸ್ಟ್ ಪಕ್ಷದಲ್ಲಿ. ಮಾರ್ಟಿನ್ ಅಲ್ಲಿಗೆ ಹೋಗಿ ನಿಂತ.

ಸ್ಯಾಮ್ಯುಯೆಲ್ ಚೇಸ್ ಈ ಹೊತ್ತಿಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಪೀಠದಲ್ಲಿ ಕೂತು ಫೆಡರಲಿಸ್ಟ್ ರಾಜಕೀಯ ಮಾತಾಡುತ್ತಿದ್ದ, ಒರಟ. 1804ರಲ್ಲಿ ಜೆಫರ್ಸನ್ ಪಕ್ಷದ ಬಹುಮತವಿದ್ದ ಕೆಳಮನೆ ಆತನ ಮೇಲೆ ಮಹಾಭಿಯೋಗ ಹೂಡಿತು, ಎಂಟು ಆರೋಪಗಳು. 1805ರ ಫೆಬ್ರವರಿಯಲ್ಲಿ ಸೆನೆಟ್ಟಿನಲ್ಲಿ ವಿಚಾರಣೆ. 27 ವರ್ಷದ ಹಿಂದೆ ತನ್ನನ್ನು ಅಟಾರ್ನಿ ಜನರಲ್ ಮಾಡಿಸಿದವನ ಪರ ಮಾರ್ಟಿನ್ ಎದ್ದು ನಿಂತ. ಆಗ ಆತ ಇನ್ನೂ ಅದೇ ಹುದ್ದೆಯಲ್ಲಿದ್ದ ಎಂಬುದನ್ನು ಗಮನಿಸಿ. ನ್ಯಾಯಾಧೀಶನನ್ನು ಪದಚ್ಯುತಗೊಳಿಸಲು ನಿಜವಾದ ಅಪರಾಧ ಬೇಕು, ಒರಟು ಸ್ವಭಾವ ಸಾಲದು ಎಂಬುದು ವಾದದ ತಿರುಳು. ಅಪರಾಧಿ ಎನ್ನಲು 34 ಸೆನೆಟರ್‌ಗಳಲ್ಲಿ 23 ಮತ ಬೇಕಿತ್ತು, ಅತಿ ಹೆಚ್ಚೆಂದರೆ ಒಂದು ಆರೋಪಕ್ಕೆ 19 ಬಂದವು. ಚೇಸ್ ಉಳಿದ. ಅಲ್ಲಿಂದ ಇಲ್ಲಿಯವರೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ಯಾವ ನ್ಯಾಯಮೂರ್ತಿಯ ಮೇಲೂ ಕೆಳಮನೆ ಮಹಾಭಿಯೋಗ ಹೂಡಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಮಾರ್ಟಿನ್ ಮತ್ತು ಜೊತೆಗಾರರು ಮಾಡಿದ ಕೆಲಸ ಅಷ್ಟು ದೊಡ್ಡದು.

ಆ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದವನು ಉಪಾಧ್ಯಕ್ಷ ಆರನ್ ಬರ್. ಎರಡು ವರ್ಷದ ನಂತರ, 1807ರಲ್ಲಿ, ಅದೇ ಬರ್ ದೇಶದ್ರೋಹದ ಆರೋಪದ ಮೇಲೆ ರಿಚ್ಮಂಡಿನ ಕೋರ್ಟಿನಲ್ಲಿ ನಿಂತ. ಪಶ್ಚಿಮದ ಪ್ರಾಂತ್ಯಗಳನ್ನು ಒಡೆಯಲು ಸಂಚು ಮಾಡಿದ ಎಂಬುದು ಆರೋಪ. ವಿಚಾರಣೆಗೆ ಮೊದಲೇ ಅಧ್ಯಕ್ಷ ಜೆಫರ್ಸನ್ ಈತನ ಅಪರಾಧ ಪ್ರಶ್ನಾತೀತ ಎಂದು ಕಾಂಗ್ರೆಸ್ಸಿಗೆ ತಿಳಿಸಿಯಾಗಿತ್ತು. ಮಾರ್ಟಿನ್ ಬರ್‌ಗೆ ಜಾಮೀನು ನಿಂತ, ವಕೀಲನೂ ಆದ. ಅದೇ ಮೇಜಿನಲ್ಲಿ ಪಕ್ಕಕ್ಕೆ ಕೂತಿದ್ದವನು ಎಡ್ಮಂಡ್ ರ‍್ಯಾಂಡಾಲ್ಫ್. 1787ರಲ್ಲಿ ವರ್ಜೀನಿಯಾ ಯೋಜನೆಯನ್ನು ಮಂಡಿಸಿದವನೂ ಅದರ ಮೇಲೆ ಮುಗಿಬಿದ್ದವನೂ ಇಪ್ಪತ್ತು ವರ್ಷದ ನಂತರ ಒಬ್ಬನೇ ಆರೋಪಿಯ ಪರ.

ಜೆಫರ್ಸನ್ ಬಳಿಯಿದ್ದ ಕಾಗದಪತ್ರ ಆರೋಪಿಯ ರಕ್ಷಣೆಗೆ ಬೇಕು, ಅಧ್ಯಕ್ಷನಿಗೇ ಸಮನ್ಸ್ ಕೊಡಿ ಎಂದು ರಕ್ಷಣಾ ಪಕ್ಷ ಕೇಳಿತು. ವಿಚಾರಣೆಗೆ ಮುಂಚೆಯೇ ಒಬ್ಬನ ಹೃದಯದೊಳಗೆ ಇಣುಕಿ ನೋಡಿದವನಂತೆ, ಪರಮಾತ್ಮನ ಸರ್ವಜ್ಞತೆ ತನಗಿದ್ದಂತೆ ಅಧ್ಯಕ್ಷ ಮಾತಾಡಿದ್ದಾನೆ ಎಂದು ಮಾರ್ಟಿನ್ ಗುಡುಗಿದ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಸಮನ್ಸ್ ಹೊರಡಿಸಲು ಒಪ್ಪಿದ. 1974ರಲ್ಲಿ ಅಧ್ಯಕ್ಷ ನಿಕ್ಸನ್ ತನ್ನ ಮಾತುಕತೆಯ ಟೇಪುಗಳನ್ನು ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ ಆಸರೆ ಪಡೆದ ಪ್ರಕರಣಗಳಲ್ಲಿ ಇದೂ ಒಂದು. ಜೆಫರ್ಸನ್ ಸಿಟ್ಟಿನಲ್ಲಿ ಜಾರ್ಜ್ ಹೇ ಎಂಬ ಸರಕಾರಿ ವಕೀಲನಿಗೆ ಪತ್ರ ಬರೆದು, ಈ ನೀತಿಗೆಟ್ಟ, ಉದ್ಧಟ ‘ಫೆಡರಲ್ ಬುಲ್‌ಡಾಗ್’ ಅನ್ನೇ ಬರ್ ಜೊತೆಗಾರನೆಂದು ಒಳಗೆ ಹಾಕೋಣವೇ ಎಂದು ಕೇಳಿದ. ಎದುರಾಳಿ ವಕೀಲನನ್ನು ಬಂಧಿಸುವ ಯೋಚನೆ ದೇಶದ ಅಧ್ಯಕ್ಷನಿಗೆ ಬಂದಿತ್ತು ಎಂಬುದೇ ಆ ವಿಚಾರಣೆಯಲ್ಲಿ ಮಾರ್ಟಿನ್ ಏಕೆ ಬೇಕಿದ್ದ ಎಂಬುದಕ್ಕೆ ಸಾಕ್ಷಿ. ಆರೋಪದ ಕೇಂದ್ರವಾಗಿದ್ದ ಓಹಾಯೊ ನದಿಯ ದ್ವೀಪದಲ್ಲಿ ಜನ ಸೇರಿದ ದಿನ ಬರ್ ಅಲ್ಲಿರಲೇ ಇಲ್ಲ. ಯುದ್ಧ ಸಾರುವ ಪ್ರತ್ಯಕ್ಷ ಕೃತ್ಯ ಸಾಬೀತಾಗದೆ ದೇಶದ್ರೋಹವಿಲ್ಲ ಎಂದು ಮಾರ್ಷಲ್ ತೀರ್ಪಿತ್ತ, ಜೂರಿ ಬಿಡುಗಡೆ ಮಾಡಿತು. ಫಿಲಡೆಲ್ಫಿಯಾದಲ್ಲೇ ಮಾರ್ಟಿನ್ ದೇಶದ್ರೋಹದ ಷರತ್ತಿಗೆ ತಿದ್ದುಪಡಿ ಕೇಳಿದ್ದ: ತನ್ನ ರಾಜ್ಯದ ಆಜ್ಞೆಯಂತೆ ನಡೆದವನನ್ನು ಒಕ್ಕೂಟ ದ್ರೋಹಿ ಎಂದು ಶಿಕ್ಷಿಸಬಾರದು ಎಂದು. ದ್ರೋಹ ಎಂಬ ಆರೋಪ ಅಧಿಕಾರದಲ್ಲಿದ್ದವರ ಕೈಗೆ ಎಷ್ಟು ಸುಲಭದ ಆಯುಧ ಎಂಬ ಅಂಜಿಕೆ ಆತನಲ್ಲಿ ಹೊಸದಾಗಿರಲಿಲ್ಲ. ಜನ ಮಾತ್ರ ಕ್ಷಮಿಸಲಿಲ್ಲ. ಆ ನವೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಗುಂಪು ಸೇರಿ ಬರ್, ಮಾರ್ಷಲ್, ಮಾರ್ಟಿನ್ ಮುಂತಾದವರ ಪ್ರತಿಕೃತಿಗಳನ್ನು ನೇಣು ಹಾಕಿತು.

ಇನ್ನು ಕುಡಿತ. ನೀವು ಓದಿದ್ದು ನಿಜ, ಸಮಕಾಲೀನರು ಹಲವರು ಬರೆದಿದ್ದಾರೆ. ಅದರ ಜೊತೆಗೆ ಆತನ ಅಸಾಧಾರಣ ನೆನಪಿನ ಶಕ್ತಿಯನ್ನೂ, ಕಾನೂನಿನ ಪಾಂಡಿತ್ಯವನ್ನೂ ಬರೆದಿದ್ದಾರೆ. ಹುದ್ದೆ ಬಿಟ್ಟ ಮೇಲೆ ಕೆಲಕಾಲ ಬಾಲ್ಟಿಮೋರಿನ ಕ್ರಿಮಿನಲ್ ಕೋರ್ಟಿನ ಮುಖ್ಯ ನ್ಯಾಯಾಧೀಶನೂ ಆಗಿದ್ದ. 1818ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಮತ್ತೆ ರಾಜ್ಯದ ಅಟಾರ್ನಿ ಜನರಲ್.

ಅದೇ ವರ್ಷ ಮೇರಿಲ್ಯಾಂಡ್ ಒಂದು ಕಾನೂನು ಮಾಡಿತು: ರಾಜ್ಯದ ಸನ್ನದಿಲ್ಲದ ಬ್ಯಾಂಕುಗಳು ನೋಟು ಹೊರಡಿಸಬೇಕಾದರೆ ಸ್ಟಾಂಪ್ ಕಾಗದ ಬಳಸಬೇಕು, ಇಲ್ಲವೇ ವರ್ಷಕ್ಕೆ 15,000 ಡಾಲರ್ ಕಟ್ಟಬೇಕು. ಗುರಿ ಇದ್ದದ್ದು ಕಾಂಗ್ರೆಸ್ ಸ್ಥಾಪಿಸಿದ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್‌ನ ಬಾಲ್ಟಿಮೋರ್ ಶಾಖೆಗೆ. ಶಾಖೆಯ ಕ್ಯಾಷಿಯರ್ ಜೇಮ್ಸ್ ಮೆಕ್ಕಲಕ್ ಕಟ್ಟಲಿಲ್ಲ. 1819ರ ಫೆಬ್ರವರಿ–ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ. ಬ್ಯಾಂಕಿನ ಪರ ಡೇನಿಯಲ್ ವೆಬ್‌ಸ್ಟರ್, ದೇಶದ ಅಟಾರ್ನಿ ಜನರಲ್ ವಿಲಿಯಂ ವರ್ಟ್ ಮತ್ತು ವಿಲಿಯಂ ಪಿಂಕ್ನಿ. ವರ್ಟ್, ಬರ್ ಪ್ರಕರಣದಲ್ಲಿ ಎದುರಾಳಿಯಾಗಿದ್ದವನು. ಪಿಂಕ್ನಿ, 1805ರಲ್ಲಿ ಮಾರ್ಟಿನ್ ಬಿಟ್ಟ ಅಟಾರ್ನಿ ಜನರಲ್ ಕುರ್ಚಿಯಲ್ಲಿ ಕೂತವನು. ಪೀಠದ ಮಧ್ಯೆ ಮಾರ್ಷಲ್.

ಮಾರ್ಟಿನ್ ಮಾಡಿದ ಮೊದಲ ಕೆಲಸ ಓದುವುದು. 1787–88ರಲ್ಲಿ ಸಂವಿಧಾನದ ಪರ ಇದ್ದವರು ಬರೆದ ಲೇಖನಗಳಿಂದ, ವರ್ಜೀನಿಯಾ ಮತ್ತು ನ್ಯೂಯಾರ್ಕ್ ಅನುಮೋದನಾ ಸಭೆಗಳ ಚರ್ಚೆಯಿಂದ ಭಾಗಗಳನ್ನು ತೆಗೆದು ಓದಿದ. ಈ ಸಾಲುಗಳ ಅಡಿಯಲ್ಲಿ ಎಷ್ಟೋ ಅಧಿಕಾರ ಅವಿತಿದೆ ಎಂದು ನಾವು ಅಂದು ಹೆದರಿದೆವು. ಹೆದರಬೇಡಿ, ಹಾಗೇನೂ ಇಲ್ಲ ಎಂದು ಅಂದು ನೀವು ಭರವಸೆ ಕೊಟ್ಟಿರಿ. ಇಂದು ಅದೇ ಅಧಿಕಾರ ಇದೆ ಎನ್ನುತ್ತಿದ್ದೀರಿ. ಇದು ಆತನ ವಾದದ ಸಾರ. ವರ್ಜೀನಿಯಾದ ಆ ಸಭೆಯಲ್ಲಿ ಸಂವಿಧಾನದ ಪರ ಮಾತಾಡಿದವರಲ್ಲಿ ಮಾರ್ಷಲ್ ಕೂಡ ಒಬ್ಬ ಎಂಬುದು ಕೋರ್ಟಿನಲ್ಲಿದ್ದ ಎಲ್ಲರಿಗೂ ಗೊತ್ತು. ನನ್ನ ದೃಷ್ಟಿಯಲ್ಲಿ ಆ ಪ್ರಕರಣದಲ್ಲಿ ಮಂಡನೆಯಾದ ಅತ್ಯಂತ ಪ್ರಾಮಾಣಿಕ ವಾದ ಇದು. ಬ್ಯಾಂಕ್ ದೇಶಕ್ಕೆ ಬೇಕಿತ್ತು, ಮಾರ್ಷಲ್ ತೀರ್ಪು ದೇಶವನ್ನು ಗಟ್ಟಿ ಮಾಡಿತು, ಅದನ್ನೂ ಒಪ್ಪುತ್ತೇನೆ. ಆದರೆ ಕೊಟ್ಟ ಮಾತಿನ ಪ್ರಶ್ನೆಗೆ ತೀರ್ಪಿನಲ್ಲಿ ಉತ್ತರವಿಲ್ಲ.

ವಾದ ಮುಗಿದ ಮೂರನೇ ದಿನ, ಮಾರ್ಚ್ 6ರಂದು, ಸರ್ವಾನುಮತದ ತೀರ್ಪು ಬಂತು. ಬ್ಯಾಂಕ್ ಸ್ಥಾಪಿಸುವ ಸೂಚಿತ ಅಧಿಕಾರ ಕಾಂಗ್ರೆಸ್ಸಿಗಿದೆ. ತೆರಿಗೆ ಹಾಕುವ ಅಧಿಕಾರದೊಳಗೆ ನಾಶ ಮಾಡುವ ಅಧಿಕಾರವೂ ಇದೆ. ಪರಮೋಚ್ಚ ಕಾನೂನಿನಡಿ ನಡೆಯುವ ಸಂಸ್ಥೆಯನ್ನು ರಾಜ್ಯ ಹಾಗೆ ನಾಶ ಮಾಡುವಂತಿಲ್ಲ. ಆ ಪರಮೋಚ್ಚತೆಯ ಷರತ್ತು, 1787ರ ಜುಲೈ 17ರಂದು ಮಾರ್ಟಿನ್ ಮಂಡಿಸಿದ ಠರಾವಿನಿಂದ ಬೆಳೆದದ್ದು. ತೀರ್ಪು ಬಂದ ಕೆಲವೇ ತಿಂಗಳಲ್ಲಿ ಮೆಕ್ಕಲಕ್ ಮತ್ತು ಸಂಗಡಿಗರು ಅದೇ ಬಾಲ್ಟಿಮೋರ್ ಶಾಖೆಯಿಂದ ಭಾರಿ ಮೊತ್ತ ದೋಚಿದ್ದು ಬಯಲಾಯಿತು, ಆದರೆ ಕಾನೂನಿನ ತತ್ವ ಅದರಿಂದ ಬದಲಾಗಲಿಲ್ಲ.

ಆ ವರ್ಷವೇ ಮಾರ್ಟಿನ್‌ಗೆ ಪಾರ್ಶ್ವವಾಯು ಬಡಿಯಿತು. ನಾಲಿಗೆಯೂ ನೆನಪೂ ಆಸ್ತಿಯಾಗಿದ್ದವನಿಗೆ ಎರಡೂ ಹೋದವು, ಉಳಿತಾಯವಂತೂ ಮೊದಲೇ ಇರಲಿಲ್ಲ. 1822ರಲ್ಲಿ ಹುದ್ದೆ ಬಿಟ್ಟ. ಆಗ ಮೇರಿಲ್ಯಾಂಡ್ ಶಾಸಕಾಂಗ ಮಾಡಿದ ಕೆಲಸಕ್ಕೆ ಸಾಟಿಯಾದದ್ದು ವಕೀಲರ ಇತಿಹಾಸದಲ್ಲಿ ನನಗೆ ಬೇರೆಲ್ಲೂ ಸಿಕ್ಕಿಲ್ಲ: ರಾಜ್ಯದ ಪ್ರತಿಯೊಬ್ಬ ವಕೀಲನೂ ವರ್ಷಕ್ಕೆ ಐದು ಡಾಲರ್ ಕಟ್ಟಬೇಕು, ಆ ಹಣವೆಲ್ಲ ಲೂಥರ್ ಮಾರ್ಟಿನ್‌ನ ಜೀವನಕ್ಕೆ. ಮರುವರ್ಷ ಅದು ರದ್ದಾಯಿತು. ಆತನನ್ನು ಮನೆಗೆ ಕರೆದುಕೊಂಡವನು ನ್ಯೂಯಾರ್ಕಿನಲ್ಲಿದ್ದ ಆರನ್ ಬರ್. 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡ. ಅದಾದ ಒಂದು ವಾರದೊಳಗೆ ಬರ್ ಮನೆಯಲ್ಲಿ ಮಾರ್ಟಿನ್ ಕೂಡ, 78ನೇ ವಯಸ್ಸಿನಲ್ಲಿ. ಸೇಂಟ್ ಜಾನ್ಸ್ ಸ್ಮಶಾನದಲ್ಲಿ ಕಲ್ಲಿಲ್ಲದ ಗೋರಿ.

ನಿಮ್ಮ ಓದಿಗೆ ಒಂದು ಸಲಹೆ ಇದೆ. ಪರೀಕ್ಷೆಗೆ ಮಾರ್ಷಲ್ ತೀರ್ಪನ್ನಷ್ಟೇ ಓದಿ ನಿಲ್ಲಿಸಬೇಡಿ. ಅಧಿಕೃತ ವರದಿಯಲ್ಲಿ ತೀರ್ಪಿಗೆ ಮೊದಲು ವಕೀಲರ ವಾದಗಳ ಸಾರಾಂಶವಿದೆ, ಅದರಲ್ಲಿ ಮಾರ್ಟಿನ್ ಭಾಗವನ್ನು ಓದಿ. ಆಮೇಲೆ ಜುಲೈ 17ರ ಠರಾವಿನ ಪಠ್ಯವನ್ನೂ 6ನೇ ವಿಧಿಯನ್ನೂ ಪಕ್ಕಪಕ್ಕ ಇಟ್ಟು, ಯಾವ ಪದ ಸೇರಿತು, ಯಾವುದು ಬಿಟ್ಟಿತು ಎಂದು ಗೆರೆ ಎಳೆದು ನೋಡಿ. ‘ರಾಜ್ಯಗಳ ಸಂವಿಧಾನಗಳು’ ಎಂಬ ಎರಡು ಪದ ಸೇರದಿದ್ದರೆ ಮೇರಿಲ್ಯಾಂಡಿನ ವಾದ ಎಲ್ಲಿಯವರೆಗೆ ಹೋಗಬಹುದಿತ್ತು ಎಂಬ ಪ್ರಶ್ನೆಗೆ ನೀವೇ ಒಂದು ಪುಟದ ಉತ್ತರ ಬರೆದು ನೋಡಿ.